ಮೊಗ್ಗಿನ ದಂಟು

ಮಾರ್ಚ್ 11, ಮಂಗಳವಾರ

ಕೈಗೆ ಇನ್ನೂ ದಾಲ್ಚಿನ್ನಿ ಪುಡಿಯ ವಾಸನೆ. ಸೋಪು ಹಾಕಿ ತಿಕ್ಕಿದರೂ ಹೋಗಿಲ್ಲ.

ಆರ್ಕಿಡ್ ಬೇರು ಗಾಳಿಯಲ್ಲಿ ನೇತಾಡಿಕೊಂಡೇ ಇರಬೇಕು ಅಂತ ಅತ್ತೆಗೆ ಹೇಗೆ ಗೊತ್ತಾಗಬೇಕು? ನಾನು ಊರಲ್ಲಿಲ್ಲದ ವಾರ, "ಪಾಪ, ಬೇರೆಲ್ಲ ಹೊರಗೆ ಬಿದ್ದಿದೆ" ಅಂತ ಕುಂಡದ ತುಂಬ ಮಣ್ಣು ಮುಚ್ಚಿ ದಿನಾ ನೀರು ಹೊಯ್ದಿದ್ದಾರೆ. ಪ್ರೀತಿಯಿಂದಲೇ. ಬೈಯೋದು ಯಾರನ್ನ? ಇವತ್ತು ಮಣ್ಣು ಕೆದಕಿದರೆ ಬೇರು ಕೊಳೆತ ಬಾಳೆಹಣ್ಣಿನ ಹಾಗೆ ಬೆರಳಿಗೆ ಮೆತ್ತಿತು. ಗಟ್ಟಿಯಾಗಿ ಉಳಿದದ್ದು ಎರಡೇ.

ಅದೂ ಎಂಥ ಹೊತ್ತಲ್ಲಿ! ಇಷ್ಟು ವರ್ಷಕ್ಕೆ ಮೊದಲ ಸಲ ಮೊಗ್ಗಿನ ದಂಟು ಬಂದಿದೆ. ಎರಡು ಬೇರಿಟ್ಟುಕೊಂಡು ಹೂ ಬಿಟ್ಟರೆ ಗಿಡ ಸಾಯುತ್ತೆ. ದಂಟು ಕತ್ತರಿಸಲೇಬೇಕು.

"ಹೂವೊಂದು ನೋಡಿಬಿಡೋಣ, ಗಿಡ ಬೇರೆ ತಂದರಾಯ್ತು" ಅಂದರು ಇವರು. ಎಲ್ಲಿಂದ ತರ್ತಾರೆ, ಇವರ ತಲೆ! ಇದನ್ನು ಕೊಟ್ಟ ಸಸ್ಯೋದ್ಯಾನದವರ ಹತ್ತಿರವೇ ಈಗ ಈ ಜಾತಿ ಇಲ್ಲ.

ಅತ್ತೆ ಎದ್ದು ಅಡುಗೆಮನೆಗೆ ಹೋದರು. ಅಳೋಕೆ ಅಂದುಕೊಂಡೆ. ಬ್ಲೇಡನ್ನು ಉರಿಗೆ ಹಿಡಿದು ಕಾಯಿಸಿಕೊಂಡು ಬಂದರು.

"ನಾನು ಹಿಡ್ಕೋತೀನಿ, ನೀನು ಕತ್ತರಿಸು. ಕೈ ನಡುಗಬಾರದು."

ನಡುಗಲಿಲ್ಲ. ಕೊಳೆತ ಬೇರನ್ನೂ ಕತ್ತರಿಸಿ, ಗಾಯ ಮತ್ತೆ ಕೊಳೆಯದಿರಲಿ ಅಂತ ದಾಲ್ಚಿನ್ನಿ ಪುಡಿ ಹಚ್ಚಿ, ಮರದ ತುಂಡಿಗೆ ಕಟ್ಟಿ ಬಚ್ಚಲ ಕಿಟಕಿಗೆ ನೇತುಹಾಕಿದ್ದೇನೆ. ಬದುಕಿಸಿಯೇ ತೀರುತ್ತೇನೆ.

ಮೊಗ್ಗಿನ ದಂಟು ಅತ್ತೆಯ ಹಾಸಿಗೆ ಪಕ್ಕ, ನೀರಿನ ಲೋಟದಲ್ಲಿದೆ. ಈಗ ಅಲ್ಲಿಂದಲೇ ಕೂಗ್ತಿದ್ದಾರೆ: "ಏ, ಇದಕ್ಕೆ ನೀರು ಇಷ್ಟು ಸಾಕಾ, ಜಾಸ್ತಿ ಆಯ್ತಾ? ಬಂದು ನೋಡೇ!"

ಬಂದೆ, ಅತ್ತೆ.