ಉಪ್ಪು ನೋಡಿ ಹೇಳುವವರು

ಮಾರ್ಚ್ ೪, ಮಂಗಳವಾರ

ಮತ್ತೆ ಡಬ್ಬಿ. ಬೇಡ ಎಂದರೂ ತರುತ್ತಾರೆ. ಬೇಕರಿಯಕ್ಕ — ರಿಸೆಪ್ಷನ್ ಹುಡುಗಿ ಇಟ್ಟ ಹೆಸರು. ನಸುಕಿಗೇ ಎದ್ದು ಊರಿಗೆಲ್ಲ ಬ್ರೆಡ್ಡು ಬೇಯಿಸುವ ಹೆಂಗಸು. ವಯಸ್ಸು ನಲವತ್ತು ದಾಟಿದೆ. ಕಾಲೇಜಿನ ದಿನಗಳಿಂದಲೂ ತಾನು ಮಾತ್ರ ಸರಿಯಾಗಿ ತಿನ್ನುವುದಿಲ್ಲ, ಅದಕ್ಕೇ ನನ್ನ ಬಳಿ ಬರುತ್ತಿರುವುದು. ಆ ಡಬ್ಬಿಯ ದಯೆಯಿಂದ ಕ್ಲಿನಿಕ್ಕಿನಲ್ಲಿ ನಾವೆಲ್ಲ ದಪ್ಪಗಾಗಿದ್ದೇವೆ. ತೂಕ ಏರದಿರುವುದು ಅವರೊಬ್ಬರದೇ.

ತಿಂದದ್ದನ್ನು ಬರೆದು ತರುವ ಹೋಂವರ್ಕ್ ಅಚ್ಚುಕಟ್ಟು. ಏನು ಹೇಳಿದರೂ “ಹೌದು ಮೇಡಂ.” ನನ್ನ ಮಾತನ್ನು ನನಗಿಂತ ಮೊದಲು ಅವರೇ ಮುಗಿಸುತ್ತಾರೆ. ಥೆರಪಿಸ್ಟ್ ಯಾರೆಂದು ನನಗೇ ಅನುಮಾನ. ಕೊನೆಗೆ ತೂಕದ ಮಿಷನ್ ಹತ್ತಿಸಿದರೆ — ಇಳಿಕೆ. ಐದು ತಿಂಗಳಿಂದ ಇದೇ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಮಾರ್ಚ್ ೧೧

ಇಂದು ಅತ್ತರು. ಮೊದಲ ಸಲ.

ಅಂಗಡಿಯಲ್ಲಿ ಜೊತೆಗಿದ್ದ ತಂಗಿ ಹೆರಿಗೆ ರಜೆ ಹಾಕಿದ್ದಾಳೆ. ಇಷ್ಟು ವರ್ಷ ಉಪ್ಪು, ಸಿಹಿ ನೋಡಿ ಹೇಳುತ್ತಿದ್ದವಳು ಅವಳೇ. ಅವಳಿಲ್ಲದೆ ನಿನ್ನೆ ಒಂದು ಒಲೆ ಬ್ರೆಡ್ಡು ಪೂರ್ತಿ ಉಪ್ಪಿಲ್ಲದೆ ಹೋಗಿದೆ. ಗಿರಾಕಿಗಳು ವಾಪಸ್ ತಂದು ಮೇಜಿನ ಮೇಲೆ ಇಟ್ಟರಂತೆ.

ಸಮಾಧಾನ ಹೇಳಿದೆ. ಒಳಗೊಳಗೇ ಖುಷಿ, ನಾಚಿಕೆಗೇಡು. ನನ್ನ ಕೈಯಲ್ಲಿ ಆಗದ್ದನ್ನು ಒಂದು ಚಿಟಿಕೆ ಉಪ್ಪು ಮಾಡುತ್ತದೆ ಬಿಡು! ಇನ್ನು ರುಚಿ ನೀವೇ ನೋಡಬೇಕು, ಒಂದೇ ಚೂರು, ಎಂದೆ. “ಹೌದು ಮೇಡಂ.”

ಮಾರ್ಚ್ ೧೮

ಡಬ್ಬಿ. ಹಸಿದಿದ್ದೆ, ಒಂದು ತುಂಡು ಬಾಯಿಗಿಟ್ಟೆ. ಹೇಗಿದೆ ಎಂದರು. ಉಪ್ಪು ಸ್ವಲ್ಪ ಮುಂದಾಗಿದೆ ಎಂದೆ. ತಕ್ಷಣ ಫೋನ್ ತೆಗೆದು ಅಂಗಡಿಗೆ ಹೇಳಿದರು — ಸಂಜೆಯ ಹಿಟ್ಟಿಗೆ ಉಪ್ಪು ಕಡಿಮೆ ಹಾಕಿ ಅಂತ.

ಆಗ ಹೊಳೆಯಿತು ನನ್ನ ಮಂದ ತಲೆಗೆ. ತಂಗಿಯ ಜಾಗದಲ್ಲಿ ನನ್ನನ್ನು ಕೂರಿಸಿದ್ದಾರೆ! ನಾನು ಚಾಪೆ ಕೆಳಗೆ ತೂರಿದರೆ ಈಯಮ್ಮ ರಂಗೋಲಿ ಕೆಳಗೆ ತೂರುತ್ತಾರೆ. ಸಿಟ್ಟು ನೆತ್ತಿಗೇರಿತು.

“ಇನ್ಮೇಲೆ ನಾನು ರುಚಿ ಹೇಳಲ್ಲ. ನಿಮ್ಮ ಬಾಯಿಗೇನಾಗಿದೆ?”

ಇಷ್ಟು ವರ್ಷದ ಸರ್ವಿಸ್ ನನ್ನದು, ಆಡುವ ಮಾತಾ ಇದು? ಅವರು ಡಬ್ಬಿ ಮುಚ್ಚಿದರು. ಕುರ್ಚಿಯನ್ನು ಮೇಜಿನೊಳಗೆ ಸರಿಯಾಗಿ ತಳ್ಳಿ, ಥ್ಯಾಂಕ್ಸ್ ಹೇಳಿ ಹೋದರು. ಆ ಕುರ್ಚಿ ನೋಡಿ ಇನ್ನೂ ಉರಿಯಿತು.

ಏಪ್ರಿಲ್ ೮

ಆಮೇಲೆ ಬಂದೇ ಇಲ್ಲ. ಫೋನ್ ಎತ್ತುವುದಿಲ್ಲ.

ಇಂದು ಬಾಣಂತಿ ತಂಗಿಯೇ ಫೋನ್ ಮಾಡಿದಳು. ಅಕ್ಕ ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕೂತಿದ್ದಳಂತೆ. ನಮ್ಮ ಆಸ್ಪತ್ರೆಯ ದೊಡ್ಡ ಡಾಕ್ಟರಿಗೆ ತಿಳಿಸಿದೆ, ತಂಗಿಯೇ ಕರೆತಂದು ತೋರಿಸಿದಳು. ವಾರ್ಡಿನಲ್ಲಿ ಒಂದು ಬೆಡ್ ಕಾದಿರಿಸಿದ್ದಾರೆ. ಮುಂದಿನ ಬುಧವಾರದ ಮೀಟಿಂಗಿನಲ್ಲಿ ನಾನು ಹೇಳಬೇಕು: ಸೇರಿಸುವುದೋ, ಇನ್ನೆರಡು ವಾರ ಹೊರಗಿಟ್ಟು ನೋಡುವುದೋ. ಸೇರಿಸಿದರೆ ಅಂಗಡಿಗೆ ಬೀಗ. ಸೇರಿಸದೆ ಹೆಚ್ಚುಕಮ್ಮಿಯಾದರೆ...

ಹೊರಗಿಡಲು, ತಾನಾಗಿ ತಿಂದದ್ದಕ್ಕೆ ಒಂದೇ ಒಂದು ಗುರುತು ಸಾಕು, ಎಂದರು ಡಾಕ್ಟರು. ಅದೇ ಇಲ್ಲವಲ್ಲ.

ರಾತ್ರಿ ತಟ್ಟೆ ಮುಂದೆ ಸುಮ್ಮನೆ ಕೂತಿದ್ದೆ. ಯಾರ ಉಪವಾಸ ಮಾಡ್ತಿದೀಯ, ಎಂದು ಕೇಳಿದರು ಮನೆಯವರು.

ಏಪ್ರಿಲ್ ೧೫, ಸಂಜೆ ೪:೪೦

ಬೇಕರಿಯಕ್ಕ ಬಂದಿದ್ದರು. ಡಬ್ಬಿಯಿಂದ ಎರಡು ತುಂಡು ತೆಗೆದು, ಒಂದನ್ನು ನನ್ನ ಮುಂದೆ ಇಟ್ಟರು.

ತಿಂದೆ. ಉಪ್ಪೇ ಇಲ್ಲ. ಮುಖ ಬಿಗಿ ಹಿಡಿದು ಅಗಿದೆ.

“ಹೇಳಿ ಮೇಡಂ.”

ರುಚಿ ಹೇಳಲ್ಲ ಎಂದಿದ್ದೆನಲ್ಲ. ನಾಳೆಯದೂ ಇದೇ ಹಿಟ್ಟು, ಬೆಳಿಗ್ಗೆ ಜನ ಬರುತ್ತಾರೆ, ಎಂದು ಗೋಗರೆದರು. ಬಾಯಿ ಬಿಡಲಿಲ್ಲ.

ಕೊನೆಗೆ ತಮ್ಮ ತುಂಡನ್ನು ಬಾಯಿಗಿಟ್ಟರು. ಅಗಿದರು. ಮುಖ ಕೆಂಪಾಯಿತು.

“ಉಪ್ಪೇ ಇಲ್ವಲ್ಲ! ಗೊತ್ತಿದ್ದೂ ಸುಮ್ನೆ ಕೂತಿದ್ರಾ? ನೀವೆಂಥ ಜನ ಮೇಡಂ?”

ಬೈದರು. ಚೆನ್ನಾಗಿ ಬೈದರು. “ಹೌದು ಮೇಡಂ” ಎನ್ನುತ್ತಿದ್ದ ಬಾಯಿ! ನನಗೋ ಖುಷಿ. ಬೈಯುತ್ತಲೇ ಟಿಶ್ಯೂನಿಂದ ಬಾಯಿ ಒರೆಸಿಕೊಂಡು, ಉಂಡೆ ಮಾಡಿ ಬುಟ್ಟಿಗೆ ಹಾಕಿದರು. ನನ್ನ ಕಣ್ಣು ಅದರ ಹಿಂದೆಯೇ ಹೋಯಿತು. ಅವರು ಅದನ್ನು ನೋಡಿಬಿಟ್ಟರು.

“ನುಂಗಿದೀನಿ,” ಎಂದರು ಮೆಲ್ಲಗೆ. “ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು.”

ಕುರ್ಚಿಯನ್ನು ಹಾಗೇ ಬಿಟ್ಟು ಹೋದರು.

ನಾಳೆ ಬೆಳಿಗ್ಗೆ ಮೀಟಿಂಗ್. ಟಿಶ್ಯೂ ಬುಟ್ಟಿಯಲ್ಲೇ ಇದೆ. ಬಿಡಿಸಿ ನೋಡಿದರೆ ಗೊತ್ತಾಗುತ್ತದೆ, ನುಂಗಿದರೋ ಅದರಲ್ಲಿ ಉಗಿದರೋ ಅಂತ. ಎದ್ದು ಹೋದೆ, ವಾಪಸ್ ಬಂದು ಕೂತೆ. ನುಂಗಿದ್ದರೆ, ನೋಡಿದ ನಾನು ಇನ್ನು ಯಾವ ಮುಖ ಇಟ್ಟುಕೊಂಡು ಅವರೆದುರು ಕೂರಲಿ? ನುಂಗಿರದಿದ್ದರೆ, ನೋಡದೆ ಬಿಟ್ಟ ನಾನು...

ಕಸ ತೆಗೆಯುವವರು ಬಂದರು, ಬಾಗಿಲು ತಟ್ಟುತ್ತಿದ್ದಾರೆ. ಬನ್ನಿ ಎನ್ನಲೋ, ಒಂದು ನಿಮಿಷ ಎನ್ನಲೋ —