ಗುಂಡಿ ಒತ್ತದ ಮೂವತ್ತು ಸೆಕೆಂಡು

ಮಾರ್ಚ್ ೧೪, ಭಾನುವಾರ ಬೆಳಿಗ್ಗೆ

ಪ್ರೀತಿಯ ಅಕ್ಕನಿಗೆ,

ಆಸ್ಪತ್ರೆಯಿಂದ ಬಂದು ಹದಿನೈದು ದಿನವಾಯಿತು. ನಿನ್ನ ಮೂರು ಫೋನಿಗೂ "ಆಮೇಲೆ ಮಾಡ್ತೀನಿ" ಅಂದು ಇಟ್ಟುಬಿಟ್ಟೆ, ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಾದರೆ ನಾನು ಒಂದು ಮಾತು ಮುಗಿಸುವಷ್ಟರಲ್ಲಿ ನೀನು ನಾಲ್ಕು ಆಡಿರುತ್ತೀಯ. ಸ್ಕೂಲಿನಲ್ಲಿ ಪಾಠ ಹೇಳಿ ಹೇಳಿ ಹಾಗಾಗಿದ್ದೀಯ. ಕಾಗದವಾದರೆ ಕೊನೆಯತನಕ ಓದಲೇಬೇಕು. ನೀನು, ಭಾವ, ಗುಬ್ಬಿ ಎಲ್ಲ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ.

ನಾನು ಆರಾಮ. ಇಇಜಿಗೆ ಅಂತ ತಲೆತುಂಬ ತಂತಿ ಅಂಟಿಸಿದ್ದರಲ್ಲ, ಮೂರು ಸಲ ತಲೆಗೆ ನೀರು ಹಾಕಿಕೊಂಡರೂ ಆ ಅಂಟು ಪೂರ್ತಿ ಹೋಗಿಲ್ಲ. ಹೊಲಿಗೆ ಮಷೀನಿನ ಮುಂದೆ ಕೂತು ತಲೆ ಕೆರೆದುಕೊಂಡರೆ ಬಟ್ಟೆಯ ಮೇಲೆ ಬಿಳಿ ಪುಡಿ ಉದುರುತ್ತದೆ. ಅಳತೆ ಕೊಡಲು ಬಂದ ಗಿರಾಕಿಯೊಬ್ಬಳು ಹೊಟ್ಟು ಅಂದುಕೊಂಡು ಯಾವುದೋ ಎಣ್ಣೆಯ ಹೆಸರು ಹೇಳಿ ಹೋದಳು.

ನಾಲ್ಕು ದಿನದ ರೆಕಾರ್ಡಿಂಗ್ ಪೂರ್ತಿ ನೋಡಿ ಡಾಕ್ಟರಮ್ಮ ಕಳೆದ ಸೋಮವಾರ ಕರೆಸಿದ್ದರು. ನನ್ನ ಮೂರ್ಛೆ ಬಲಗಿವಿಯ ಮೇಲ್ಗಡೆ ಒಂದೇ ಜಾಗದಲ್ಲಿ ಶುರುವಾಗಿ ಅಲ್ಲೇ ಅಡಗುತ್ತದಂತೆ. "ಆಪರೇಷನ್ ಏನೂ ಬೇಡ. ನಿಮ್ಮ ಥರದ ಮೂರ್ಛೆಗೆ ಬೇರೆ ಮಾತ್ರೆ ಇದೆ, ಅದನ್ನ ನೋಡೋಣ" ಅಂದರು. ಶುರು ಮಾಡಿ ಐದು ದಿನ, ಇನ್ನೂ ಒಂದು ಸಲವೂ ನಾನು ಹೋಗಿಬಂದಿಲ್ಲ.

ನಮ್ಮ ಮನೆಯಲ್ಲಿ ಯಾರೂ ಮೂರ್ಛೆ ಅನ್ನುತ್ತಿರಲಿಲ್ಲವಲ್ಲ, "ಹೋಗಿಬಂದಳು" ಅನ್ನುತ್ತಿದ್ದೆವು. ಹೋದದ್ದು ನನಗೆ ಗೊತ್ತಾಗುತ್ತಿರಲಿಲ್ಲ. ಬಂದಕೂಡಲೇ ನಿನ್ನ ಮುಖ ನೋಡಿ "ಏನ್ ಮಾಡ್ದೆ ನಾನು?" ಅಂತ ಕೇಳುತ್ತಿದ್ದೆ. ನೀನು ಹೇಳುತ್ತಿದ್ದೆ, ಡಾಕ್ಟರಿಗೆ ತೋರಿಸಲು ನೀಲಿ ನೋಟ್‌ಬುಕ್ಕಿನಲ್ಲಿ ಬರೆದೂ ಇಡುತ್ತಿದ್ದೆ. ನೀನು ಹೇಳಿದ್ದನ್ನು ಒಂದು ದಿನವೂ ಅನುಮಾನಿಸಲಿಲ್ಲ ನಾನು. ಹೇಗೆ ಅನುಮಾನಿಸಲಿ, ಅಲ್ಲಿ ಇದ್ದವಳು ನೀನು.

ಸೋಮವಾರ ನನ್ನನ್ನು ನಾನೇ ನೋಡಿದೆ. ನಾಲ್ಕು ದಿನದಲ್ಲಿ ಐದು ಸಲ ಹೋಗಿದ್ದೇನೆ. ವಿಡಿಯೊದಲ್ಲಿ ನೀನೂ ಇದ್ದೀಯ, ಕ್ಯಾಮೆರಾ ಇದೆಯಂತ ತಲೆ ಬಾಚಿಕೊಂಡು ಕೂತಿದ್ದೀಯ, ನಗು ಬಂತು. ನಾನೋ ಕೂತಲ್ಲೇ ಗೋಡೆ ದಿಟ್ಟಿಸುತ್ತೇನೆ, ಹೊದಿಕೆಯ ಅಂಚನ್ನು ಬೆರಳಲ್ಲಿ ತಿಕ್ಕುತ್ತೇನೆ. ಮೂವತ್ತು ಸೆಕೆಂಡು, ಅಷ್ಟೇ. ಏಳುವುದಿಲ್ಲ, ನಡೆಯುವುದಿಲ್ಲ. ನಾನು ಹೋದಾಗಲೆಲ್ಲ ಒತ್ತು ಅಂತ ನಿನ್ನ ಕೈಗೆ ಗುಂಡಿ ಕೊಟ್ಟಿದ್ದರಲ್ಲ, ನಾಲ್ಕು ಸಲ ಸರಿಯಾಗಿ ಒತ್ತಿದ್ದೀಯ. ಮೂರನೆಯ ಸಲ ಮಾತ್ರ, ಪಕ್ಕದಲ್ಲೇ ಇದ್ದೂ ಒತ್ತಿಲ್ಲ. ತಂತಿಗಳು ಅದನ್ನೂ ಹಿಡಿದಿದ್ದವು.

ಡಾಕ್ಟರಮ್ಮ ನೀಲಿ ನೋಟ್‌ಬುಕ್ ತಿರುವಿಹಾಕಿದರು. ಎಲ್ಲ ಪುಟದಲ್ಲೂ ಅದೇ: ಕೂತಿದ್ದಳು, ಅಂಚು ತಿಕ್ಕಿದಳು. ಒಂದು ಪುಟದಲ್ಲಿ ಮಾತ್ರ, "ಎದ್ದು ಒಲೆಯ ಹತ್ತಿರ ಹೋಗಿ ಕುದಿಯುವ ನೀರಿನ ಪಾತ್ರೆ ಎತ್ತಿ ಮಗುವಿನ ಮೇಲೆ ಬಿಟ್ಟಳು." ಅವರು ಕನ್ನಡಕ ತೆಗೆದು, "ಇದೊಂದು ಯಾಕೋ ನಿಮ್ಮದು ಅನ್ನಿಸ್ತಾ ಇಲ್ವಲ್ಲ" ಅಂದರು.

ಅಕ್ಕ, ಗುಬ್ಬಿಗೆ ಆಗ ಎರಡು ವರ್ಷ. ಈಗ ಹನ್ನೊಂದು. ಅದಾದ ಮಾರನೆಯ ವಾರವೇ ನಾನು ನಿಮ್ಮ ಮನೆ ಬಿಟ್ಟೆ. ಭಾವ ನನ್ನ ಮಷೀನು ಹೊತ್ತು ತಂದು ಅಂಗಡಿಯ ಮೇಲಿನ ಈ ಕೋಣೆಯಲ್ಲಿಟ್ಟು ಹೋದರು. ರಜೆ ಸಿಕ್ಕಾಗಲೆಲ್ಲ ನೀನು ಬಂದು ನನ್ನ ಜೊತೆ ಇದ್ದು ಹೋಗುತ್ತೀಯ. ಅಂದಿನಿಂದ ಆ ಮಗುವನ್ನು ನಾನು ಎತ್ತಿಲ್ಲ, ಜಡೆ ಹೆಣೆದಿಲ್ಲ. ಅವಳು ಬಂದರೆ ಕತ್ತರಿ, ಸೂಜಿ ಎಲ್ಲ ಒಳಗಿಟ್ಟು ಮೇಜಿನ ಆಚೆ ಕೂರಿಸುತ್ತೇನೆ. ಕೈಯ ಕಲೆ ಕಾಣದಿರಲಿ ಅಂತ ವರ್ಷಕ್ಕೆ ಎರಡು ಉದ್ದ ತೋಳಿನ ಅಂಗಿ ಹೊಲಿದು ಕಳಿಸುತ್ತೇನೆ. ಪ್ರತಿ ತೋಳು ಹೊಲಿಯುವಾಗಲೂ ಇದೇ ಕೈಯಲ್ಲವೇ ಅವಳನ್ನು ಸುಟ್ಟಿದ್ದು ಅಂದುಕೊಂಡಿದ್ದೇನೆ.

ಆ ಪಾತ್ರೆ ಹೇಗೆ ಬಿತ್ತು ಅಂತ ನಿನ್ನ ಬಾಯಿಂದ ಕೇಳಬೇಕು. ಬಂದು ಹೇಳು. ಭಾವನನ್ನೂ ಕರೆದುಕೊಂಡು ಬಾ.

ಗುಬ್ಬಿಗೆ ನೂರು ವರ್ಷ ಆಯಸ್ಸಿರಲಿ, ಚೆನ್ನಾಗಿ ಓದಲಿ. ಈ ಸಲ ಅವಳಿಗೆ ಗಿಡ್ಡ ತೋಳಿನ ಅಂಗಿ ಹೊಲಿಯುತ್ತಿದ್ದೇನೆ.

ನಿನ್ನ ತಂಗಿ

ತಾ.ಕ.: ಮೇಲಿನ ಪ್ರಶ್ನೆಯ ಉತ್ತರ ನನಗೆ ಗೊತ್ತು. ಇಷ್ಟಕ್ಕೇ ಲಕೋಟೆ ಅಂಟಿಸಬೇಕು ಅಂತಿದ್ದೆ, ಆಗಲಿಲ್ಲ. ಮೂರನೆಯ ಸಲದ ವಿಡಿಯೊ ಬಂದಾಗ ಟೆಕ್ನಿಷಿಯನ್ ಹುಡುಗಿ, "ಸೌಂಡೂ ಇದೆ ಮೇಡಂ, ಹಾಕ್ಲಾ?" ಅಂದಳು. ಕ್ಯಾಮೆರಾ ನೋಡುವುದು ನಿನಗೆ ಗೊತ್ತಿತ್ತು, ಕೇಳಿಸಿಕೊಳ್ಳುವುದು ಗೊತ್ತಿರಲಿಲ್ಲ. ನೀನು ಗುಂಡಿಯನ್ನು ಹಾಸಿಗೆಯ ಮೇಲಿಟ್ಟು, ನನ್ನ ಕೈ ಹಿಡಿದು, ಕಿವಿಯ ಹತ್ತಿರ ಬಗ್ಗಿ ಹೇಳಿದ್ದೀಯ: "ನೀನಲ್ಲ ಕಣೇ, ಪಾತ್ರೆ ಜಾರಿದ್ದು ನನ್ನ ಕೈಯಿಂದ. ನಿಮ್ ಭಾವಂಗೆ ಹೇಳೋಕೆ ಧೈರ್ಯ ಬರ್ಲಿಲ್ಲ. ನೀನು ಹೋದಾಗಲೆಲ್ಲ ಇದನ್ನೇ ಹೇಳ್ತಿರ್ತೀನಿ." ಅಷ್ಟರಲ್ಲಿ ನಾನು ಬಂದೆ. "ಏನ್ ಮಾಡ್ದೆ ನಾನು?" ಅಂದೆ. ನೀನು "ಏನಿಲ್ಲ, ಸುಮ್ನೆ ಕೂತಿದ್ದೆ" ಅಂದೆ.

ಸುಳ್ಳು ಹೇಳಿದ್ದನ್ನು ಹೇಗೋ ನುಂಗಿಕೊಳ್ಳಬಹುದಿತ್ತು ಅಕ್ಕ. ಒಂಬತ್ತು ವರ್ಷ ನಿಜವನ್ನೂ ಹೇಳಿದ್ದೀಯ, ನಾನು ಇಲ್ಲದಾಗ ನೋಡಿಕೊಂಡು. ಈ ಮಾತ್ರೆ ಹಿಡಿದರೆ ನಾನಿನ್ನು ಹೋಗುವುದಿಲ್ಲವಂತೆ. ಹೇಳುವುದಾದರೆ ಇನ್ನು ನಾನು ಇರುವಾಗಲೇ ಹೇಳಬೇಕು.