ಮಣಿಕಟ್ಟಿನ ಗುರುತು

ನಾರಾಯಣಖೇಡ್
28 ಸೆಪ್ಟೆಂಬರ್ 2011

ಅವ್ವಾ, ನಿನ್ನ ಯಾಮಿನಿಯ ಜೈಭೀಮ್.

ಚೆನ್ನಾಗಿದ್ದೇನೆ ಎಂದು ಫೋನಿನಲ್ಲಿ ಹೇಳಿದ್ದು ಸುಳ್ಳು. ಅಪ್ಪ ನಿನ್ನ ಪಕ್ಕದಲ್ಲೇ ಇದ್ದರು, ಅದಕ್ಕೇ ಹಾಗೆಂದೆ. ಈ ಪತ್ರ ಅವರಿಗೆ ಓದಿ ಹೇಳಬೇಡ. ಜಹೀರಾಬಾದಿಗೆ ಹೊರಡುವ ಔಷಧದ ಜೀಪಿನವನ ಕೈಯಲ್ಲಿ ಕಳಿಸುತ್ತೇನೆ.

ನಾನು ಮಕ್ಕಳ ಡಾಕ್ಟರ್ ಆಗಲು ಇನ್ನು ಏಳು ತಿಂಗಳು, ಒಂದು ಪರೀಕ್ಷೆ. ಕೊನೆಯ ವರ್ಷದವರನ್ನು ಊರೂರಿನ ಆಸ್ಪತ್ರೆಗಳಿಗೆ ಹಾಕುತ್ತಿದ್ದಾರೆ. ನನ್ನ ಪಾಲಿಗೆ ಇದು ಬಂತು. ಪ್ರತ್ಯೇಕ ತೆಲಂಗಾಣದ ಮುಷ್ಕರ ನಿನಗೆ ಗೊತ್ತೇ ಇದೆ, ಬಸ್ಸುಗಳಿಲ್ಲ. ಹಾಡಹಗಲಲ್ಲೇ ರಸ್ತೆ ಎಷ್ಟು ಸುಮ್ಮನಿದೆ ಎಂದರೆ ನಾಯಿ ನಡೆದರೆ ಉಗುರಿನ ಸಪ್ಪಳ ವಾರ್ಡಿಗೆ ಕೇಳುತ್ತದೆ.

ನಿನ್ನೆ ಮಧ್ಯಾಹ್ನ ಕಲ್ಹೇರಿನ ಸ್ವರೂಪಾ ಎಂಬಾಕೆ ಜ್ವರದ ಕೂಸನ್ನು ಎತ್ತಿಕೊಂಡು ಬಂದಳು. ನೋಡಿದ ಕೂಡಲೇ ಗುರುತು ಹಿಡಿದೆ. ಎರಡು ವರ್ಷದ ಹಿಂದೆ, ನಾನು ಮೊದಲ ವರ್ಷದಲ್ಲಿದ್ದಾಗ, ಅವಳ ಮೊದಲ ಮಗಳು ಹೈದರಾಬಾದಿನಲ್ಲಿ ನನ್ನೆದುರೇ ತೀರಿಕೊಂಡಿದ್ದಳು.

ಅಂದಿನದನ್ನು ಯಾರಿಗೂ ಹೇಳಿಲ್ಲ ಅವ್ವಾ. ರಾತ್ರಿ ನರ ಸಿಗಲೆಂದು ಆ ಕೂಸಿನ ಎಡ ಮಣಿಕಟ್ಟಿಗೆ ರಬ್ಬರ್ ಪಟ್ಟಿ ಬಿಗಿದಿದ್ದೆ. ಸಿಗಲಿಲ್ಲ, ಕಾಲಿಗೆ ಸಲೈನ್ ಹಚ್ಚಿದೆ. ಪಟ್ಟಿ ಬಿಚ್ಚಲು ಮರೆತೆ. ಬೆಳಿಗ್ಗೆ ಹೊದಿಕೆ ಸರಿಸಿದರೆ ಬೆರಳುಗಳು ಕಪ್ಪಾಗಿದ್ದವು. ಪಟ್ಟಿ ಕಿತ್ತೆಸೆದು, ಯಾರಿಗೂ ಕಾಣದಂತೆ ಕೈಗೆ ಬ್ಯಾಂಡೇಜ್ ಸುತ್ತಿದೆ. ಸಂಜೆಗೆ ಕೂಸು ಹೋಯಿತು. ಜ್ವರ ಮೆದುಳಿಗೇರಿತ್ತು, ಕೈಯಿಂದಲ್ಲ ಎಂದು ಇಂದಿಗೂ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಫೈಲಿನಲ್ಲಿ ಕೈಯ ಮಾತೇ ಇಲ್ಲ.

ಈ ಕೂಸಿನ ಎಡ ಮಣಿಕಟ್ಟಿನ ಸುತ್ತ ಒಂದು ಕಪ್ಪು ಗೆರೆಯಿದೆ. ಹುಟ್ಟಿದಾಗಿನಿಂದ ಇದೆಯಂತೆ. ಅದೇ ಜಾಗ, ಪಟ್ಟಿಯಷ್ಟೇ ಅಗಲ.

ಸತ್ತ ಕೂಸು ಮತ್ತೆ ಅದೇ ಮಡಿಲಿಗೆ ಬಂದರೆ ಗುರುತು ಸಿಗಲಿ ಎಂದು ಮಣ್ಣು ಮಾಡುವ ಮೊದಲು ಕೆಲವರು ಮೈಗೆ ಮಸಿ ಹಚ್ಚುತ್ತಾರಲ್ಲ, ಸ್ವರೂಪಾಳ ಅತ್ತೆ ಅದಕ್ಕೇ ಬ್ಯಾಂಡೇಜ್ ಬಿಚ್ಚಿದಳಂತೆ. "ಮಸಿ ಹಚ್ಚೋದೇ ಬೇಕಾಗ್ಲಿಲ್ಲರಿ," ಎಂದಳು ಸ್ವರೂಪಾ. "ನೀವೇ ಗುರುತ ಹಾಕಿ ಕಳಿಸಿದ್ರಿ." ಹಾಗೆನ್ನುವಾಗ ನಗುತ್ತಿದ್ದಳು.

ಹುಟ್ಟುಮಚ್ಚೆ ಎಷ್ಟು ಮಕ್ಕಳಿಗಿಲ್ಲ? ಅಪ್ಪನಾದರೆ ಇಷ್ಟು ಓದಿ ಹೀಗಾದೆಯಲ್ಲ ಎಂದು ಗದರುತ್ತಿದ್ದರು. ಆದರೆ ಎಂಟು ತಿಂಗಳ ಈ ಕೂಸು ನರ್ಸ್ ಕಾಂತಾಬಾಯಿ ಮುಟ್ಟಿದರೆ ಚೀರುತ್ತದೆ, ನಾನು ಮುಟ್ಟಿದರೆ ಸುಮ್ಮನೆ ನನ್ನ ಮುಖವನ್ನೇ ನೋಡುತ್ತದೆ. ನಾನು ರಬ್ಬರ್ ಪಟ್ಟಿ ಕೈಗೆತ್ತಿಕೊಂಡಾಗ ಅದು ಎಡಗೈಯನ್ನು ಮೆಲ್ಲಗೆ ಬೆನ್ನಡಿಗೆ ಸೇರಿಸಿಕೊಂಡು ಬಲಗೈ ಚಾಚಿತು. ಒಂದೇ ಸಲಕ್ಕೆ ನರ ಸಿಕ್ಕಿತು. ಕಾಂತಾಬಾಯಿ ನನ್ನ ಕೈಗುಣ ಹೊಗಳಿದಳು. ನಾನು ಪಟ್ಟಿ ಬಿಚ್ಚಿದೆನೋ ಇಲ್ಲವೋ ಎಂದು ಮೂರು ಸಲ ನೋಡಿದೆ.

ಇಂದು ಜ್ವರ ಇಳಿದಿದೆ. ನನ್ನ ಹೆದರಿಕೆ ಇಳಿದಿಲ್ಲ. ನಿಜ ಹೇಳಿದರೆ ಡಿಗ್ರಿ ಕೈತಪ್ಪೀತು. ಹೇಳದಿದ್ದರೆ ಆ ಕಣ್ಣುಗಳ ಎದುರು ನಿಲ್ಲಲಾರೆ. ನಮ್ಮೂರು ಪಸ್ತಾಪುರದ ಹೊಲಗಳಲ್ಲಿ ಬೆನ್ನು ಬಗ್ಗಿಸಿ ನನ್ನನ್ನು ಓದಿಸಿದವಳು ನೀನು. ನಿನ್ನ ಮುಖ ನೆನೆದು, ಹೇಳುವುದು ಬೇಡ ಎಂದುಕೊಂಡಿದ್ದೇನೆ. ಬೈಯಬೇಡ.

ನಿನ್ನ ಮಡಿಲ
ಯಾಮಿನಿ

ತಾ.ಕ.: ಜೀಪು ನಿನ್ನೆ ಹೊರಡಲಿಲ್ಲ. ಇವತ್ತು ಬೆಳಿಗ್ಗೆ ತಡೆಯಲಾರದೆ ಸ್ವರೂಪಾಗೆ ಎಲ್ಲ ಹೇಳಿಬಿಟ್ಟೆ. ಕೂಸಿನ ಬಾಯಿ ಒರೆಸುತ್ತ ಕೇಳಿಸಿಕೊಂಡಳು. "ಗೊತ್ತದರಿ," ಎಂದಳು. "ಬ್ಯಾಂಡೇಜ್ ಬಿಚ್ಚಿದ ದಿನಾನೇ ತಿಳೀತು. ಮಂದಿ ಬೀದರಕ್ಕ ಒಯ್ಯಿ ಅಂದ್ರು. ನೀವು ಬಂದೀರಿ ಅಂತ ಕೇಳಿ ಇಲ್ಲೇ ತಂದೀನಿ. ಬ್ಯಾರೆ ಡಾಕ್ಟರ್ ಮರೀಬಹುದು. ನೀವು ಈ ಕೈ ಮರೆಯಂಗಿಲ್ಲ."